ನೀರು ಬಂತು, ಈಜು ಬರಲಿಲ್ಲ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಇವತ್ತು ವ್ಯಾಯಾಮ ಎಂದರೆ ವಾಕಿಂಗ್. ಸಕ್ಕರೆ ಕಾಯಿಲೆಯೋ ಬಿಪಿಯೋ ಇದೆ ಎಂದು ಗೊತ್ತಾದ ಮರುದಿನವೇ ಜನ ಬೂಟು ತೊಟ್ಟು ರಸ್ತೆಗಿಳಿಯುತ್ತಾರೆ. ಒಳ್ಳೆಯ ಅಭ್ಯಾಸವೇ. ಆದರೆ ಹಾಗೆ ನಡೆಯುವವರನ್ನು ಸ್ವಲ್ಪ ಹೊತ್ತು ನಿಂತು ನೋಡಿ. ಮಂಡಿ ಮಡಿಸಲಾರದೆ ಕಾಲನ್ನು ಸೆಟೆದುಕೊಂಡು ಹೆಜ್ಜೆ ಹಾಕುವವರು ಎಷ್ಟೋ ಮಂದಿ. ಸೊಂಟಕ್ಕೆ ಕೈ ಕೊಟ್ಟು ನಡುವೆ ನಿಲ್ಲುವವರು, ನಾಲ್ಕು ದಿನ ನಡೆದು ನೋವು ಹೆಚ್ಚಾಯಿತೆಂದು ಬಿಟ್ಟವರು ಇನ್ನೆಷ್ಟೋ. ಅವರು ನಡೆಯುವ ಏರಿಯ ಮಗ್ಗುಲಲ್ಲೇ ಕೆರೆಯಿದೆ. ಗೊರೂರಿನ ಜಲಾಶಯದಿಂದ ನಾಲೆಯಲ್ಲಿ ಹರಿದು ಬರುವ ಹೇಮಾವತಿ ಈ ಭಾಗದ ಅನೇಕ ಕೆರೆಗಳಿಗೆ ಮತ್ತೆ ನೀರು ತಂದಿದ್ದಾಳೆ. ಹೇಮಾವತಿ ಮುಟ್ಟದ ಕಡೆಯೂ ಮಳೆ ಕೈಹಿಡಿದ ವರ್ಷ ಕೆರೆ ಕೋಡಿ ಬೀಳುತ್ತದೆ. ನೀರಿದೆ, ನೀರಿನಲ್ಲಿ ವಾಸಿಯಾಗಬಹುದಾದ ಮೈಗಳೂ ಇವೆ. ಅವೆರಡನ್ನೂ ಕೂಡಿಸುವ ವಿದ್ಯೆಯೊಂದು ಮಾತ್ರ ನಮ್ಮ ಕೈಜಾರಿದೆ.

ನನ್ನ ವಾದ ಇಷ್ಟು. ಈಜು ತೆಂಗಿನ ನಾಡಿನ ದೇಹಗಳಿಗೆ ಅತ್ಯಂತ ಹೊಂದುವ ವ್ಯಾಯಾಮ. ಆದರೆ ಅದನ್ನು ಒಬ್ಬೊಬ್ಬರ ಹವ್ಯಾಸ ಎಂದು ಬಿಟ್ಟರೆ ಅದರ ಲಾಭ ಇಲ್ಲಿನವರಿಗೆ ಎಂದೂ ಸಿಗುವುದಿಲ್ಲ. ಓದುಬರಹ ಕಲಿಸುವುದು ಊರಿನ ಹೊಣೆ ಎಂದು ಒಪ್ಪಿಕೊಂಡಂತೆ ಈಜು ಕಲಿಸುವುದನ್ನೂ ಊರಿನ ಹೊಣೆ ಎಂದು ಒಪ್ಪಬೇಕು.

ಮೊದಲು ದೇಹದ ಮಾತು. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅದರೊಳಗೆ ಕೈ ಬೀಸಿದರೂ ಕಾಲು ಬಡಿದರೂ ಎಲ್ಲ ದಿಕ್ಕಿನಿಂದಲೂ ತಡೆ ಎದುರಾಗುತ್ತದೆ. ಈ ತಡೆಗೆ ಒಂದು ಒಳ್ಳೆಯ ಗುಣವಿದೆ. ಮೆಲ್ಲಗೆ ಬೀಸಿದರೆ ಮೆಲ್ಲಗೆ, ಜೋರಾಗಿ ಬೀಸಿದರೆ ಜೋರಾಗಿ ಅದು ಎದುರು ನಿಲ್ಲುತ್ತದೆ. ಎಪ್ಪತ್ತರ ಅಜ್ಜಿಗೂ ಹದಿನೇಳರ ಹುಡುಗನಿಗೂ ಅವರವರ ಶಕ್ತಿಗೆ ತಕ್ಕ ಭಾರವನ್ನು ಒಂದೇ ನೀರು ಒದಗಿಸುತ್ತದೆ. ಇನ್ನೊಂದೆಡೆ ಅದು ಮೈಯನ್ನು ಎತ್ತಿ ಹಿಡಿಯುತ್ತದೆ. ಸೊಂಟಮಟ್ಟ ನೀರಿನಲ್ಲಿ ನಿಂತರೆ ಕಾಲುಗಳ ಮೇಲೆ ಬೀಳುವುದು ದೇಹದ ತೂಕದ ಅರ್ಧದಷ್ಟು. ಕುತ್ತಿಗೆಯವರೆಗೆ ಇಳಿದರೆ ಸುಮಾರು ಹತ್ತರಲ್ಲಿ ಒಂದು ಪಾಲು. ನೆಲದ ಮೇಲೆ ಸಾಮಾನ್ಯವಾಗಿ ನಡೆಯುವಾಗ ಪ್ರತಿ ಹೆಜ್ಜೆಗೂ ಮಂಡಿಯ ಕೀಲಿನ ಮೇಲೆ ದೇಹದ ತೂಕದ ಎರಡು ಮೂರು ಪಟ್ಟು ಒತ್ತಡ ಬೀಳುತ್ತದೆ. ಈ ಎರಡು ಲೆಕ್ಕವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಸವೆದ ಮಂಡಿಯವರಿಗೆ ‘ದಿನಾ ನಡೀರಿ’ ಎಂದಷ್ಟೇ ಹೇಳಿ ಕಳಿಸುವುದು ಎಷ್ಟು ಅರೆಬರೆಯ ಸಲಹೆ ಎಂಬುದು ಕಾಣುತ್ತದೆ.

ಕೀಲಿಗಿಂತ ಹೆಚ್ಚಿನ ಕೆಲಸ ನಡೆಯುವುದು ಎದೆಗೂಡಿನಲ್ಲಿ. ನೀರಿಗಿಳಿದೊಡನೆ ಅದರ ಒತ್ತಡಕ್ಕೆ ಕಾಲುಗಳಲ್ಲಿ ನಿಂತ ರಕ್ತ ಮೇಲಕ್ಕೆ ಸರಿದು ಹೃದಯವನ್ನು ತುಂಬುತ್ತದೆ. ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ರಕ್ತವನ್ನು ನೂಕುತ್ತದೆ, ಬಡಿತದ ಸಂಖ್ಯೆ ಕೊಂಚ ಇಳಿಯುತ್ತದೆ. ಕುತ್ತಿಗೆಯವರೆಗೆ ನೀರಿದ್ದಾಗ ಉಸಿರಾಡುವುದಕ್ಕೇ ಸುಮಾರು ಶೇ. 60ರಷ್ಟು ಹೆಚ್ಚು ಶ್ರಮ ಬೇಕು. ಪಕ್ಕೆಯ ಸ್ನಾಯುಗಳು, ವಪೆ, ಎಲ್ಲವೂ ನಮಗೆ ಗೊತ್ತಾಗದಂತೆ ದುಡಿಯುತ್ತವೆ. ಈಜಿನಲ್ಲಿ ಉಸಿರು ನಮ್ಮಿಷ್ಟಕ್ಕೆ ಬಂದಾಗ ಬರುವಂಥದ್ದಲ್ಲ. ಮುಖ ಮೇಲಿದ್ದಾಗ ಎಳೆದುಕೊಳ್ಳಬೇಕು, ಒಳಗಿದ್ದಾಗ ಬಿಡಬೇಕು. ಪ್ರಾಣಾಯಾಮ ಮಾಡುವವರಿಗೆ ಈ ಶಿಸ್ತು ಎಂಥದ್ದೆಂದು ಬೇಗ ತಿಳಿಯುತ್ತದೆ.

ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನಮಗೆ ನೇರವಾಗಿ ಸಂಬಂಧಿಸಿದ್ದು. ಐವತ್ತು ದಾಟಿದ, ರಕ್ತದೊತ್ತಡ ಏರತೊಡಗಿದ್ದವರಿಗೆ 12 ವಾರ ಈಜಿನ ತರಬೇತಿ ಕೊಟ್ಟರು. ಅವರ ಮೇಲಿನ ಬಿಪಿ ಸರಾಸರಿ 131ರಿಂದ 122ಕ್ಕೆ ಇಳಿಯಿತು. ಮುಂದೆ ಅದೇ ವಿಶ್ವವಿದ್ಯಾಲಯದಲ್ಲಿ ಕೀಲು ಸವೆದವರ ಮೇಲೆ ನಡೆಸಿದ ಅಧ್ಯಯನದಲ್ಲಿ ಈಜಿದವರ ನೋವು, ಸೆಡೆತ ಎರಡೂ ಕಡಿಮೆಯಾದವು. ಬ್ರಿಟನ್ನಿನ 80 ಸಾವಿರ ವಯಸ್ಕರನ್ನು ವರ್ಷಗಟ್ಟಲೆ ಗಮನಿಸಿದ ಇನ್ನೊಂದು ಅಧ್ಯಯನ, ಈಜುವ ಅಭ್ಯಾಸವಿದ್ದವರಲ್ಲಿ ಆ ಅವಧಿಯ ಸಾವಿನ ಸಂಭವ ಶೇ. 28ರಷ್ಟು ಕಡಿಮೆ ಎಂದಿತು. ಈ ಕೊನೆಯದನ್ನು ಎಚ್ಚರದಿಂದ ಓದಬೇಕು. ಅಲ್ಲಿ ಈಜುಕೊಳಕ್ಕೆ ಹೋಗುವವರು ಮೊದಲೇ ಅನುಕೂಲಸ್ಥರಾಗಿರಬಹುದು, ಮೊದಲೇ ಗಟ್ಟಿಮುಟ್ಟಾಗಿರಬಹುದು. ಹಾಗಿದ್ದರೂ ಮೂರು ಬೇರೆ ಬೇರೆ ದಾರಿಯಿಂದ ಬಂದ ಸಾಕ್ಷ್ಯ ಒಂದೇ ಕಡೆ ಕೈತೋರಿಸುತ್ತಿದೆ.

ತೂಕ ಇಳಿಸಬೇಕೆಂಬ ಒಂದೇ ಆಸೆಯಿಂದ ಈಜಿಗೆ ಬರುವವರಿಗೆ ನಿರಾಸೆಯಾಗಬಹುದು. 60 ಕೆ.ಜಿ. ತೂಕದವರು ಅರ್ಧ ಗಂಟೆ ಸಾಧಾರಣವಾಗಿ ಈಜಿದರೆ ಖರ್ಚಾಗುವುದು ಸುಮಾರು 180 ಕ್ಯಾಲೊರಿ. ಅಷ್ಟೇ ಹೊತ್ತು ನಡೆದರೆ ಸುಮಾರು 105. ಈಜಿನದು ಹೆಚ್ಚು, ನಿಜ. ಆದರೆ ಆ 180 ಕ್ಯಾಲೊರಿ ನಮ್ಮ ಒಣಕೊಬ್ಬರಿಯಲ್ಲಿ ಇಪ್ಪತ್ತೇಳು ಗ್ರಾಂ, ಅಂದರೆ ಒಂದು ಪುಟ್ಟ ಹೋಳು. ನೀರಿನಿಂದ ಎದ್ದವರಿಗೆ ಹಸಿವೂ ಜೋರು. ಕೊಬ್ಬರಿ ಬೆಲ್ಲದ ಡಬ್ಬಿ ಕೈಗೆಟುಕುವ ಮನೆಗಳಲ್ಲಿ ಈ ಲೆಕ್ಕ ಮರೆಯುವಂತಿಲ್ಲ. ಮೂಳೆಯ ವಿಷಯದಲ್ಲೂ ಈಜಿಗೆ ಮಿತಿಯಿದೆ. ಮೂಳೆ ಗಟ್ಟಿಯಾಗುವುದು ಭಾರ ಹೊತ್ತಾಗ, ನೀರು ಆ ಭಾರವನ್ನೇ ಕಳೆದುಬಿಡುತ್ತದೆ. ಮುಟ್ಟು ನಿಂತ ಹೆಂಗಸರು ಈಜಿನ ಜೊತೆಗೆ ಕೈಲಾದಷ್ಟು ನಡಿಗೆಯನ್ನೂ ಒಂದಿಷ್ಟು ಭಾರ ಎತ್ತುವ ವ್ಯಾಯಾಮವನ್ನೂ ಇಟ್ಟುಕೊಳ್ಳಬೇಕು. ಹೃದಯದ ತೊಂದರೆ, ಅಪಸ್ಮಾರ ಇರುವವರು ವೈದ್ಯರನ್ನು ಕೇಳದೆ ನೀರಿಗಿಳಿಯಬಾರದು.

‘ದಿನವೆಲ್ಲ ತೋಟದಲ್ಲಿ ಗೇಯುವವರಿಗೆ ಬೇರೆ ವ್ಯಾಯಾಮ ಯಾಕೆ?’ ಇದು ಹಳ್ಳಿಯಲ್ಲಿ ತಕ್ಷಣ ಬರುವ ಪ್ರಶ್ನೆ. ಗೌರವದಿಂದ ಉತ್ತರಿಸಬೇಕಾದ ಪ್ರಶ್ನೆ ಕೂಡ. ಕೊಬ್ಬರಿ ಕೆಲಸವನ್ನೇ ತೆಗೆದುಕೊಳ್ಳೋಣ. ಕಾಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಟ್ಟು, ಒಳಗಿನ ನೀರೆಲ್ಲ ಇಂಗಿ, ಅಲುಗಿಸಿದಾಗ ಗಿಟುಕು ಚಿಪ್ಪಿಗೆ ತಾಗಿ ಲೊಟಲೊಟ ಸದ್ದು ಮಾಡತೊಡಗಿದ ಮೇಲೆ ಇಳಿಸುತ್ತಾರೆ. ಸುಲಿಯುವವನು ನೆಲಕ್ಕೆ ನೆಟ್ಟ ಸಲಾಕೆಯ ಮೊನೆಗೆ ಕಾಯನ್ನು ಕುಕ್ಕಿ, ಬಗ್ಗಿದ ಸೊಂಟವನ್ನು ಒಂದೇ ಮಗ್ಗುಲಿಗೆ ತಿರುಚಿ ಮಟ್ಟೆ ಸೀಳುತ್ತಾನೆ. ಇನ್ನೊಂದು ಕಾಯಿ, ಮತ್ತೆ ಅದೇ ಮಗ್ಗುಲು. ಹೊತ್ತು ಮುಳುಗುವವರೆಗೆ ಅದೇ ತಿರುವು. ಪಕ್ಕದಲ್ಲಿ ಹೆಂಗಸರು ಕುಕ್ಕರಗಾಲಲ್ಲಿ ಕೂತು ಚಿಪ್ಪು ಒಡೆದು ಗಿಟುಕು ಬಿಡಿಸುತ್ತಾರೆ, ಗಾತ್ರ ನೋಡಿ ಆರಿಸುತ್ತಾರೆ. ಮಂಡಿ ಪೂರ್ತಿ ಮಡಿಚಿದ ಸ್ಥಿತಿಯಲ್ಲೇ ಗಂಟೆಗಳು ಕಳೆಯುತ್ತವೆ. ಇದು ಶ್ರಮ, ನಿಜ. ಇದರಿಂದ ಮೈ ಸವೆಯುತ್ತದೆ, ಎಲ್ಲ ಅಂಗಕ್ಕೂ ಸಮನಾದ ಚಾಲನೆ ಸಿಗುವುದಿಲ್ಲ.

ಡೆನ್ಮಾರ್ಕಿನ ಸಂಶೋಧಕರು ಕೋಪನ್‌ಹೇಗನ್ನಿನ ಒಂದು ಲಕ್ಷಕ್ಕೂ ಹೆಚ್ಚು ಜನರ ವಿವರ ಇಟ್ಟುಕೊಂಡು 2021ರಲ್ಲಿ ಒಂದು ವಿಷಯ ಮುಂದಿಟ್ಟರು. ಬಿಡುವಿನಲ್ಲಿ ಮಾಡುವ ವ್ಯಾಯಾಮ ಹೃದಯಕ್ಕೆ ಒಳಿತು ಮಾಡಿದರೆ, ದುಡಿಮೆಯಲ್ಲಿನ ಭಾರೀ ಶ್ರಮ ಹಾಗೆ ಮಾಡುವಂತೆ ಕಾಣಲಿಲ್ಲ, ಅಪಾಯ ಹೆಚ್ಚಿದಂತೆಯೇ ಕಂಡಿತು. ಬಡತನ, ಧೂಮಪಾನದಂಥ ಕಾರಣಗಳು ಇದರಲ್ಲಿ ಎಷ್ಟು ಬೆರೆತಿವೆ ಎಂಬ ಚರ್ಚೆ ಇನ್ನೂ ನಡೆದಿದೆ. ಆದರೂ ತರ್ಕ ಅರ್ಥವಾಗುವಂಥದ್ದು. ದುಡಿಮೆಯಲ್ಲಿ ವೇಗ ನಮ್ಮದಲ್ಲ, ವಿರಾಮ ನಮ್ಮದಲ್ಲ, ಭಂಗಿ ನಮ್ಮದಲ್ಲ. ಈಜಿನಲ್ಲಿ ಮೂರೂ ನಮ್ಮವು. ಎಡಗೈ ಎಷ್ಟು ದುಡಿಯುತ್ತದೋ ಬಲಗೈಯೂ ಅಷ್ಟೇ. ದಿನವಿಡೀ ಮುಂದಕ್ಕೆ ಬಗ್ಗಿದ ಬೆನ್ನು ನೀರಿನ ಮೇಲೆ ಚಾಚಿಕೊಳ್ಳುತ್ತದೆ. ಇನ್ನು ತೋಟದ ಒಡೆಯರ ಸಂಗತಿಯೇ ಬೇರೆ. ಕಾಯಿ ಕೀಳುವವರು ಕೂಲಿಯವರು, ಉಳುವುದು ಟ್ರ್ಯಾಕ್ಟರ್, ನೀರು ಬಿಡುವುದು ಡ್ರಿಪ್, ತೋಟಕ್ಕೆ ಹೋಗಿಬರುವುದು ಬೈಕಿನಲ್ಲಿ. ಅಪ್ಪ ಗೇಯ್ದದ್ದನ್ನು ತನ್ನ ವ್ಯಾಯಾಮದ ಲೆಕ್ಕಕ್ಕೆ ಬರೆದುಕೊಂಡರೆ ಸಕ್ಕರೆ ಇಳಿಯುವುದಿಲ್ಲ. ದೇಶದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ, ಹೆಂಗಸರಲ್ಲಿ ಶೇ. 57ರಷ್ಟು, ಬೇಕಾದಷ್ಟು ಮೈಚಲನೆಯಿಲ್ಲದೆ ಬದುಕುತ್ತಿದ್ದಾರೆ ಎಂದು 2022ರ ಸ್ಥಿತಿಯನ್ನು ಕುರಿತ ಜಾಗತಿಕ ಅಧ್ಯಯನವೊಂದು ಅಂದಾಜಿಸಿದೆ. ಇದರಿಂದ ಹಳ್ಳಿ ಹೊರಗುಳಿದಿದೆ ಎಂದು ನಂಬಲು ನನಗೆ ಕಾರಣ ಕಾಣುವುದಿಲ್ಲ.

ಈಜು ಈ ಸೀಮೆಗೆ ಹೊಸದೇನಲ್ಲ. ತೋಟಕ್ಕೊಂದು ತೆರೆದ ಬಾವಿ ಇದ್ದ ಕಾಲದಲ್ಲಿ ಬೇಸಿಗೆ ರಜೆ ಬಂತೆಂದರೆ ಹುಡುಗರು ಬಾವಿಗೆ ಈಜು ಬೀಳುತ್ತಿದ್ದರು. ಕಲಿಯುವವನ ಬೆನ್ನಿಗೆ ಒಣ ಸೋರೆ ಬುರುಡೆ, ಇಲ್ಲವೇ ಕತ್ತಾಳೆ ಬೆಂಡು. ತೆಂಗಿನ ತೋಟದಲ್ಲಿ ಅದೂ ಬೇಕಿರಲಿಲ್ಲ. ಚೆನ್ನಾಗಿ ಒಣಗಿದ ಎರಡು ಕಾಯಿ ಆರಿಸಿ, ಪ್ರತಿಯೊಂದರ ಮಟ್ಟೆಯಿಂದ ಒಂದೊಂದು ಪಟ್ಟಿ ಎಬ್ಬಿಸಿ, ಬುಡ ಕೀಳದಂತೆ ಆ ಎರಡು ಪಟ್ಟಿಗಳನ್ನು ಗಂಟು ಹಾಕಿದರೆ ತೇಲುವ ಜೋಡಿ ಸಿದ್ಧ. ಗಂಟು ಎದೆಯ ಕೆಳಗೆ, ಕಾಯಿಗಳು ಎರಡು ಕಂಕುಳಲ್ಲಿ. ಇಷ್ಟು ಸಣ್ಣ ಆಸರೆ ಸಾಕಾಗುವುದು ಯಾಕೆಂದರೆ, ಎದೆ ತುಂಬ ಗಾಳಿ ಎಳೆದುಕೊಂಡ ಮನುಷ್ಯನ ಮೈ ನೀರಿನಲ್ಲಿ ತೇಲುವುದಕ್ಕೂ ಮುಳುಗುವುದಕ್ಕೂ ನಡುವಿನ ಅಂಚಿನಲ್ಲೇ ಇರುತ್ತದೆ. ಹೊಸಬರನ್ನು ಮುಳುಗಿಸುವುದು ಅವರ ಹೆದರಿಕೆ. ನಾಲ್ಕೈದು ಕೆ.ಜಿ. ತೂಗುವ ತಲೆಯನ್ನು ಪೂರ್ತಿ ಮೇಲಕ್ಕೆತ್ತಿ ಹಿಡಿಯಲು ಹೋಗುತ್ತಾರೆ, ಎತ್ತಿದಷ್ಟೂ ಸೊಂಟ, ಕಾಲು ಕೆಳಗಿಳಿಯುತ್ತವೆ. ಮುಖವನ್ನು ನೀರಿಗಿಟ್ಟು ಬಾಯಿ ಮೂಗಿನಿಂದ ಗುಳುಗುಳು ಉಸಿರು ಬಿಡುವುದನ್ನು ಮೊದಲ ದಿನವೇ ಕಲಿಸಿದರೆ ಅರ್ಧ ಈಜು ಬಂದಂತೆ. ಬಾವಿಯ ಅಂಚಿನಲ್ಲಿ ಕೂತು ‘ತಲೆ ಬಿಡೋ, ತಲೆ ಬಿಡೋ’ ಎಂದು ಕೂಗುತ್ತಿದ್ದ ಹಿರಿಯರಿಗೆ ಈ ಲೆಕ್ಕ ಅನುಭವದಿಂದ ಗೊತ್ತಿತ್ತು.

ಹಾಗೆಂದು ಆ ಕಾಲವನ್ನು ಹಾಡಿ ಹೊಗಳಲು ನಾನು ಸಿದ್ಧನಿಲ್ಲ. ಆ ಬಾವಿಗಳಿಗೆ ಎಲ್ಲರೂ ಇಳಿಯುವಂತಿರಲಿಲ್ಲ. ಕುಡಿಯುವ ನೀರನ್ನೇ ಮುಟ್ಟಗೊಡದ ಜಾತಿವ್ಯವಸ್ಥೆ ಈಜಲು ಬಿಡುತ್ತಿತ್ತೇ? ಡಾ. ಅಂಬೇಡ್ಕರ್ ಅವರು 1927ರಲ್ಲಿ ಮಹಾಡದ ಚವದಾರ್ ಕೆರೆಯ ನೀರನ್ನು ಕೈಯಲ್ಲಿ ಎತ್ತಿ ಕುಡಿದಾಗ ಅದೇ ಒಂದು ದೊಡ್ಡ ಸತ್ಯಾಗ್ರಹವಾಗಬೇಕಾಯಿತು. ಹೆಣ್ಣುಮಕ್ಕಳ ಪಾಲಿಗೆ ಬಾವಿ ಎಂದರೆ ನೀರು ಸೇದುವ ಜಾಗ, ಅಷ್ಟೇ. ಜೀವಮಾನವೆಲ್ಲ ನೀರು ಹೊತ್ತವರಿಗೆ ನೀರಿನಲ್ಲಿ ತೇಲುವ ಸುಖ ಗೊತ್ತಿರಲಿಲ್ಲ. ಹಳೆಯ ಈಜು ಮರಳಿ ಬರಲಿ ಎಂದು ಕೇಳುವವರು ಇದನ್ನು ನೆನಪಿನಲ್ಲಿಡಬೇಕು. ಬರಬೇಕಾದ್ದು ಎಲ್ಲರ ಈಜು.

ಆಮೇಲೆ ಬೋರ್‌ವೆಲ್ ಬಂತು. ಅಂತರ್ಜಲ ನೂರಾರು ಅಡಿ ಕೆಳಗಿಳಿಯಿತು, ತೆರೆದ ಬಾವಿಗಳು ಒಣಗಿ ಕಸದ ಗುಂಡಿಗಳಾದವು, ಕೆಲವನ್ನು ಮಣ್ಣು ತುಂಬಿ ಮುಚ್ಚಿದರು. ಹತ್ತಿಪ್ಪತ್ತು ವರ್ಷ ಕೆರೆಗಳೂ ಬರಿದಾಗಿಯೇ ಇದ್ದವು. ಹೀಗೆ ಒಂದು ಇಡೀ ತಲೆಮಾರು ನೀರು ಕಾಣದೆ ಬೆಳೆಯಿತು. ಈಜು ಬಾರದ ಅಪ್ಪ ಮಗನಿಗೆ ಏನನ್ನು ಕಲಿಸಿಯಾನು? ಅಷ್ಟರಲ್ಲಿ ನೀರು ಮರಳಿತು, ಆದರೆ ಬೇರೆ ರೂಪದಲ್ಲಿ. ನಾಲೆಗೆ ಕಾಂಕ್ರೀಟಿನ ಇಳಿಜಾರು ಗೋಡೆ, ಒಳಗೆ ಸೆಳೆತ, ಹಿಡಿಯಲು ಹುಲ್ಲುಕಡ್ಡಿಯೂ ಇಲ್ಲ. ಕೆರೆಯಂಗಳದಲ್ಲಿ ಬರಗಾಲದಲ್ಲಿ ಮಣ್ಣಿಗಾಗಿ ಯಂತ್ರಗಳು ತೋಡಿದ ಗುಂಡಿಗಳು ಈಗ ನೀರಿನಡಿ ಅಡಗಿವೆ. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿದ್ದವನು ಒಂದು ಹೆಜ್ಜೆ ಮುಂದಿಟ್ಟರೆ ಎರಡಾಳುದ್ದ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ಹೊಲಗಳಲ್ಲಿ ಕೃಷಿ ಹೊಂಡಗಳು ಬಂದವು. ಬೆಳೆ ಉಳಿಸಿದ ಯೋಜನೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಆ ಹೊಂಡದ ಅಂಚಿಗೆ ಹೋಗಿ ನೋಡಿ. ಮೂರು ಮೀಟರ್ ಆಳ, ನಾಲ್ಕೂ ಕಡೆ ಇಳಿಜಾರು, ಮೇಲೆ ಹೊದಿಸಿದ ಪಾಲಿಥೀನ್ ಹಾಳೆಯ ಮೇಲೆ ತೆಳ್ಳಗೆ ಪಾಚಿ. ಒದ್ದೆ ಅಂಗಾಲು ಅದರ ಮೇಲೆ ನಿಲ್ಲುವುದಿಲ್ಲ. ಈಜು ಬಲ್ಲವನೂ ಮೇಲೆ ಹತ್ತಲಾರ. ಒಬ್ಬನನ್ನು ಎತ್ತಲು ಹೋದ ಇನ್ನೊಬ್ಬನೂ ಜಾರುತ್ತಾನೆ. ಎಮ್ಮೆ ಮೈ ತೊಳೆಯಲು ಹೋದವರು, ಬಟ್ಟೆ ಒಗೆಯಲು ಹೋದ ತಾಯಿ ಮಗಳು, ಹೀಗೆ ಒಂದೇ ಮನೆಯ ಇಬ್ಬರು ಮೂವರು ಒಟ್ಟಿಗೆ ಹೋದ ಸುದ್ದಿಗಳನ್ನು ಪ್ರತಿ ವರ್ಷ ಓದುತ್ತೇವೆ.

ದೇಶದಲ್ಲಿ 2022ರಲ್ಲಿ ನೀರಿನಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕ ಕೊಟ್ಟಿದೆ. ಜಗತ್ತಿನಲ್ಲಿ 2021ರಲ್ಲಿ ಸುಮಾರು ಮೂರು ಲಕ್ಷ ಮಂದಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ, ಅವರಲ್ಲಿ ಹೆಚ್ಚುಕಡಿಮೆ ಅರ್ಧ ಮೂವತ್ತರೊಳಗಿನವರು. ಈಜಿನಿಂದ ಹೃದಯಕ್ಕೆ ಏನು ಲಾಭ, ಮಂಡಿಗೆ ಏನು ಲಾಭ ಎಂದು ಬರೆಯುವವರು ಈ ಅಂಕಿಗಳನ್ನು ಪಕ್ಕಕ್ಕಿಡುವುದು ಸರಿಯಲ್ಲ. ‘ಈಜಿ, ಆರೋಗ್ಯಕ್ಕೆ ಒಳ್ಳೆಯದು’ ಎಂಬ ಮಾತು, ಕಲಿಸುವವರೇ ಇಲ್ಲದ ಊರಿನಲ್ಲಿ ಹದಿನೈದರ ಹುಡುಗನನ್ನು ನಾಲೆಗೆ ಕಳಿಸಬಹುದು. ಇನ್ನೊಂದು ಕಡೆ, ನೀರಿನ ಹತ್ತಿರವೇ ಹೋಗಬೇಡಿ ಎಂದು ಹೆದರಿಸಿ ಬೆಳೆಸುವುದೂ ಮಕ್ಕಳನ್ನು ಉಳಿಸಿಲ್ಲ. ಅವರು ಹೋಗಿಯೇ ಹೋಗುತ್ತಾರೆ, ಮನೆಗೆ ಹೇಳದೆ ಹೋಗುತ್ತಾರೆ, ಅಷ್ಟೇ.

ಬಾಂಗ್ಲಾದೇಶದ ಹಳ್ಳಿಗಳು ಇದಕ್ಕೊಂದು ದಾರಿ ಕಂಡುಕೊಂಡವು. ಸ್ವಿಮ್‌ಸೇಫ್ ಎಂಬ ಕಾರ್ಯಕ್ರಮದಲ್ಲಿ ಹಳ್ಳಿಯ ಕೊಳದೊಳಗೇ ಬಿದಿರಿನ ಅಟ್ಟಣೆ ಕಟ್ಟಿದರು. ಅದರ ತಳವೂ ಬಿದಿರು, ಸುತ್ತಲೂ ಬಿದಿರಿನ ಕಟಕಟೆ. ಕೊಳ ಎಷ್ಟೇ ಆಳವಿರಲಿ, ಮಗು ನಿಲ್ಲುವುದು ಎದೆಮಟ್ಟ ನೀರಿನಲ್ಲಿ. ನಾಲ್ಕರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಅದೇ ಊರಿನ ತರಬೇತಾದ ಯುವಕ ಯುವತಿಯರು ಕಲಿಸಿದರು. ಗುರಿ ಸಣ್ಣದು: 25 ಮೀಟರ್ ಈಜಬೇಕು, ಅರ್ಧ ನಿಮಿಷ ತೇಲಬೇಕು, ಮುಳುಗುವವರತ್ತ ತಾನು ಹಾರದೆ ಕೋಲು ಚಾಚಿ ಎಳೆಯಬೇಕು. ಹೀಗೆ ಕಲಿತ ಮಕ್ಕಳಲ್ಲಿ ಮುಳುಗಿ ಸಾಯುವುದು ಬಹುಮಟ್ಟಿಗೆ ನಿಂತಿತು. ಬಿದಿರಿಗೂ ಹಗ್ಗಕ್ಕೂ ಬರವಿಲ್ಲದ, ನಾರಿನ ಕಸುಬೇ ಇರುವ ನಮ್ಮ ಸೀಮೆಗೆ ಇದು ಅಸಾಧ್ಯವೇನಲ್ಲ. ಕೇಂದ್ರ ಆರೋಗ್ಯ ಸಚಿವಾಲಯ 2023ರಲ್ಲಿ ಮುಳುಗು ಸಾವು ತಡೆಯುವ ಕಾರ್ಯಚೌಕಟ್ಟನ್ನು ಪ್ರಕಟಿಸಿದೆ. ಅದನ್ನು ಊರಿಗೆ ಇಳಿಸುವುದು ಬಾಕಿ.

ಯಾವ ಕೆರೆ ಎಂಬ ಪ್ರಶ್ನೆ ಬರುತ್ತದೆ. ಪಟ್ಟಣಕ್ಕೆ ಕುಡಿಯುವ ನೀರು ಕೊಡುವ ಕೆರೆಗೆ ಯಾರೂ ಇಳಿಯಬಾರದು, ಅದರಲ್ಲಿ ರಾಜಿಯಿಲ್ಲ. ಚರಂಡಿ ಸೇರುವ ಕೆರೆಗೂ ಬೇಡ. ಇಲಿಜ್ವರದಿಂದ ಹಿಡಿದು ಕಿವಿಯ ಸೋಂಕಿನವರೆಗೆ ಅಲ್ಲಿ ಏನೂ ಅಂಟಬಹುದು. ನೆರೆಯ ಕೇರಳದಲ್ಲಿ 2024 ಮತ್ತು 2025ರಲ್ಲಿ ಸುದ್ದಿಯಾದ ಮಿದುಳಿನ ಅಮೀಬಾ ಸೋಂಕು ಅಪರೂಪದ್ದು, ಆದರೆ ತೀರಾ ಮಾರಕ. ನಿಂತ ಬೆಚ್ಚನೆಯ ನೀರು ಮೂಗಿನೊಳಗೆ ನುಗ್ಗುವುದರಿಂದ ಬರುವಂಥದ್ದು. ಆದ್ದರಿಂದ ಹರಿದು ಹೊಸನೀರು ತುಂಬುವ ಕೆರೆ, ಅದೂ ಪರೀಕ್ಷೆಯಾದ ನೀರು ಬೇಕು. ಮಲ್ಲಾಘಟ್ಟ, ನೊಣವಿನಕೆರೆ, ಬೋರನಕಣಿವೆಯಂಥ ದೊಡ್ಡ ನೀರು ಕಲಿಯುವವರಿಗೆ ಹೇಳಿದ್ದಲ್ಲ, ಅವುಗಳ ಆಳ ಅಗಲ ನುರಿತವರಿಗೂ ಭಾರ. ಕಲಿಯಲು ಸಣ್ಣ ಕಟ್ಟೆ ಸಾಕು.

ತಾಲ್ಲೂಕು ಕೇಂದ್ರಗಳಲ್ಲಿ ಸಾರ್ವಜನಿಕ ಈಜುಕೊಳ ಎಂದೊಡನೆ ‘ತೆಂಗಿಗೇ ನೀರಿಲ್ಲ’ ಎಂಬ ಮಾತು ಬರುತ್ತದೆ. ಲೆಕ್ಕ ಹಾಕೋಣ. 25 ಮೀಟರ್ ಉದ್ದ, 12.5 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳದ ಕಲಿಕೆಯ ಕೊಳಕ್ಕೆ ಹಿಡಿಯುವುದು 3.75 ಲಕ್ಷ ಲೀಟರ್. ಮರಕ್ಕೆ ದಿನಕ್ಕೆ 50 ಲೀಟರ್ ಎಂದಿಟ್ಟುಕೊಂಡರೆ, ಮೂವತ್ತು ಅಡಿ ಅಂತರದಲ್ಲಿ 48 ಮರವಿರುವ ಒಂದು ಎಕರೆ ತೋಟ ಇಷ್ಟು ನೀರನ್ನು ಐದು ತಿಂಗಳಲ್ಲಿ ಕುಡಿಯುತ್ತದೆ. ಕೊಳದ ನೀರನ್ನು ದಿನಾ ಚೆಲ್ಲುವುದಿಲ್ಲ, ಸೋಸಿ ಮತ್ತೆ ಬಳಸುತ್ತಾರೆ. ದಿನಕ್ಕೆ 5 ಮಿ.ಮೀ. ಆವಿಯಾದರೂ ಹೋಗುವುದು ಸುಮಾರು 1,560 ಲೀಟರ್, ಅಂದರೆ ಮೂವತ್ತೊಂದು ಮರದ ಪಾಲು. ಸೋಸುವ ಯಂತ್ರ ತೊಳೆಯಲು ಇನ್ನಷ್ಟು ಸೇರಿಸಿದರೂ ಒಂದು ಪುಟ್ಟ ತೋಟದ ನೀರಿನಲ್ಲಿ ಇಡೀ ತಾಲ್ಲೂಕಿನ ಮಕ್ಕಳು ಸರದಿಯಲ್ಲಿ ಈಜು ಕಲಿಯಬಹುದು. ನೀರಿನ ನೆಪ ನಿಲ್ಲುವುದಿಲ್ಲ. ನಿಜವಾದ ಕಷ್ಟ ಇರುವುದು ನಿರ್ವಹಣೆಯಲ್ಲಿ: ದಿನಾ ಕ್ಲೋರಿನ್ ನೋಡುವವರು, ಸಂಬಳ ಪಡೆಯುವ ಜೀವರಕ್ಷಕರು, ಕರೆಂಟ್ ಬಿಲ್. ಕಟ್ಟಡಕ್ಕೆ ಅನುದಾನ ತಂದು ಫಲಕ ಹಾಕಿಸಿಕೊಳ್ಳುವವರು ಇದಕ್ಕೂ ಹಣ ಎತ್ತಿಡುವಂತೆ ಕೇಳುವ ಹಕ್ಕು ನಮಗಿದೆ.

ಹೆಂಗಸರಿಗೆ ಪ್ರತ್ಯೇಕ ಸಮಯ, ಹೆಣ್ಣು ತರಬೇತುದಾರರು, ಬಟ್ಟೆ ಬದಲಿಸಲು ಮರೆಯಾದ ಕೋಣೆ, ಇವು ಮೂರಿಲ್ಲದ ಕೊಳ ಸಾರ್ವಜನಿಕ ಕೊಳವೇ ಅಲ್ಲ. ಚಿಪ್ಪು ಒಡೆಯುತ್ತ ಮಂಡಿ ಸವೆದ ಹೆಂಗಸಿಗೆ ಉಚಿತವಾಗಿ ಅರ್ಧ ಗಂಟೆ ನೀರಿನಲ್ಲಿ ನಡೆದಾಡುವ ಅವಕಾಶ ಸಿಗಲಿ. ಈಜು ಬಾರದಿದ್ದರೂ ಎದೆಮಟ್ಟ ನೀರಿನಲ್ಲಿ ನಡೆಯುವುದೇ ಅವಳಿಗೆ ಚಿಕಿತ್ಸೆ.

ಕರ್ನಾಟಕ ಈಜಿನಲ್ಲಿ ಹಿಂದುಳಿದ ರಾಜ್ಯವಲ್ಲ. ನಿಶಾ ಮಿಲ್ಲೆಟ್ 2000ದಲ್ಲಿ ಸಿಡ್ನಿಗೆ ಹೋದರು, ಶ್ರೀಹರಿ ನಟರಾಜ್ ಟೋಕಿಯೊಗೂ ಪ್ಯಾರಿಸ್‌ಗೂ ಹೋದರು, ಹದಿನಾಲ್ಕರ ಧಿನಿಧಿ ದೇಸಿಂಗು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತ ತಂಡದ ಅತಿ ಕಿರಿಯ ಸದಸ್ಯೆ. ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದವರು ನಿರಂಜನ್ ಮುಕುಂದನ್. ಬೆನ್ನುಹುರಿಯ ದೋಷದೊಂದಿಗೆ ಹುಟ್ಟಿದ ಅವರನ್ನು ಕಾಲಿಗೆ ಬಲ ಬರಲೆಂದು ವೈದ್ಯರ ಸಲಹೆಯ ಮೇರೆಗೆ ಎಂಟನೇ ವಯಸ್ಸಿನಲ್ಲಿ ನೀರಿಗಿಳಿಸಿದರು. ಅವರು ಪ್ಯಾರಾಲಿಂಪಿಕ್ಸ್‌ವರೆಗೆ ಈಜಿದರು. ಇವರೆಲ್ಲರ ಹೆಸರಿನ ಹಿಂದೆ ಇರುವ ಊರು ಬೆಂಗಳೂರು. ಅಲ್ಲಿ ಕೊಳವಿತ್ತು, ಗುರುಗಳಿದ್ದರು, ಕರೆದೊಯ್ಯುವ ತಂದೆತಾಯಿ ಇದ್ದರು. ನೂರೈವತ್ತು ಕಿಲೋಮೀಟರ್ ಆಸುಪಾಸಿನ ತಿಪಟೂರಿನಲ್ಲೋ ಹುಳಿಯಾರಿನಲ್ಲೋ ಅಂಥದ್ದೇ ಬೆನ್ನಿನ, ಅಂಥದ್ದೇ ಕಾಲಿನ ಮಗು ಹುಟ್ಟಿದರೆ ವೈದ್ಯರು ಅದೇ ಸಲಹೆ ಕೊಟ್ಟಾರು. ಆ ಮಗು ಎಲ್ಲಿಗೆ ಹೋಗಬೇಕು?

ಕೇಳುವುದು ದೊಡ್ಡದೇನಲ್ಲ. ಕೃಷಿ ಹೊಂಡವಿರುವ ರೈತ ಬಂಧುಗಳು ಇವತ್ತೇ ಸುತ್ತ ಬೇಲಿ ಹಾಕಿ. ಅಂಚಿನ ಗಟ್ಟಿ ಗೂಟಕ್ಕೆ ಗಂಟು ಗಂಟಾದ ಒಂದು ತೆಂಗಿನ ಹಗ್ಗವನ್ನು ನೀರಿನವರೆಗೆ ಇಳಿಬಿಡಿ, ಗಾಳಿ ತುಂಬಿದ ಹಳೆಯ ಟ್ಯೂಬೊಂದನ್ನು ಪಕ್ಕದಲ್ಲಿಡಿ. ಈಜು ಬಲ್ಲ ಹಿರಿಯರು ನಿಮ್ಮೂರಿನಲ್ಲಿ ಇನ್ನೂ ಇದ್ದಾರೆ. ಅವರನ್ನೂ ಶಾಲೆಯ ದೈಹಿಕ ಶಿಕ್ಷಕರನ್ನೂ ಒಂದೆಡೆ ಕೂರಿಸಿ. ಏಪ್ರಿಲ್ ರಜೆ ಶುರುವಾಗುವ ಮುಂಚಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ನಮ್ಮ ಪಂಚಾಯಿತಿಯಲ್ಲಿ ನೀರು ಪರೀಕ್ಷೆಯಾದ ಒಂದು ಕಟ್ಟೆ, ಅದಕ್ಕೊಂದು ಬಿದಿರಿನ ಅಟ್ಟಣೆ, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಎಲ್ಲ ಕೇರಿಯ ಮಕ್ಕಳಿಗೂ ಒಂದು ತಿಂಗಳ ಈಜು ಪಾಠ ಬೇಕು ಎಂದು ಕೇಳಿ, ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.